ಕಾಪಿ ಮಾಡಿದರೆ ಡಿವಿಡಿ ಕ್ವಾಲಿಟಿ ಇಳಿಯುತ್ತಾ? ಇನ್ನೊಮ್ಮೆ ಹೇಳುತ್ತೇನೆ, ಇಲ್ಲ

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಈ ಸಲ ಗಂಗಾವತಿಯಿಂದ ಬಂದಿದೆ. ಅದಕ್ಕೇ ಜಾಗ ಜಾಸ್ತಿ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, 2009ರಲ್ಲಿ ನಡೆದ ನಮ್ಮ ಅಕ್ಕನ ಮದುವೆಯ ಡಿವಿಡಿ ಒಂದೇ ಒಂದು ಇದೆ. ಕಾಪಿ ಮಾಡಿದಷ್ಟೂ ಕ್ವಾಲಿಟಿ ಇಳಿಯುತ್ತದೆ, 'ಅನ್‌ಕಂಪ್ರೆಸ್ಡ್' ಕಾಪಿ ಮಾಡಿಸಿದರೆ ಮಾತ್ರ ಒರಿಜಿನಲ್ ಥರ ಬರುತ್ತದೆ, ಅದಕ್ಕೆ ಮೂರು ಪಟ್ಟು ದುಡ್ಡು ಅಂತ ಇಲ್ಲಿನ ಸ್ಟುಡಿಯೋದವರು ಹೇಳುತ್ತಾರೆ. ನಿಜವಾ?

ಉತ್ತರ: ಇದ್ದದ್ದು ಇದ್ದ ಹಾಗೇ ಕಾಪಿ ಆದರೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಾಪಿಯಿಂದ ಕಾಪಿ, ಅದರಿಂದ ಇನ್ನೊಂದು ತೆಗೆದರೂ ಅಷ್ಟೇ. ಡಿಸ್ಕ್‌ನಿಂದ ಹೋಗುವುದು ಸೊನ್ನೆ ಮತ್ತು ಒಂದು. ಒಂದು ಕಾಪಿಯಿಂದ ಇನ್ನೊಂದಕ್ಕೆ ಮಾಸುತ್ತಿದ್ದದ್ದು ವಿಎಚ್‌ಎಸ್ ಕ್ಯಾಸೆಟ್. ಕ್ಯಾಸೆಟ್ ಹೋಗಿ ಎಷ್ಟು ಕಾಲವಾಯಿತು, ಮಾತು ಮಾತ್ರ ಇನ್ನೂ ಅಂಗಡಿ ಅಂಗಡಿ ಸುತ್ತುತ್ತಿದೆ.

ಇನ್ನು ಆ ಮೂರು ಪಟ್ಟು ದುಡ್ಡು. 'ಅನ್‌ಕಂಪ್ರೆಸ್ಡ್' ಅಂದರೆ ಕುಗ್ಗಿಸದ್ದು. ಡಿವಿಡಿಯಲ್ಲಿರುವ ವಿಡಿಯೋನೇ ಜಾಗ ಉಳಿಸಲು ಎಂಪೆಗ್-2 ಅನ್ನುವ ವಿಧಾನದಲ್ಲಿ ಕುಗ್ಗಿಸಿದ್ದು. 720 x 576 ಅಳತೆಯ ಚಿತ್ರವನ್ನು ಸೆಕೆಂಡಿಗೆ 25 ಫ್ರೇಮ್‌ನಂತೆ ಕುಗ್ಗಿಸದೆ ಇಟ್ಟರೆ ಒಂದು ಗಂಟೆಗೆ ಸುಮಾರು 56 ಜಿಬಿ ಆಗುತ್ತದೆ. 4.7 ಜಿಬಿಯ ಡಿಸ್ಕ್ ಹನ್ನೆರಡು ಬೇಕು. ನಿಮ್ಮ ಸ್ಟುಡಿಯೋದವರು ಹನ್ನೆರಡು ಡಿಸ್ಕ್ ಕೊಡುತ್ತಾರಾ? ಕೊಟ್ಟರೂ ಲಾಭವಿಲ್ಲ, ಮೊದಲ ಸಲ ಕುಗ್ಗಿಸುವಾಗ ಹೋದದ್ದು ತಿರುಗಿ ಬರುವುದಿಲ್ಲ. ಅವರು ಮಾಡುವುದು ಸಾದಾ ಕಾಪಿ. ಅದರಲ್ಲಿ ಕೆಲಸ ಕಡಿಮೆ, ಜಾಸ್ತಿ ಅಲ್ಲ. ದುಡ್ಡು ಯಾಕೆ ಜಾಸ್ತಿ ಅಂತ ಅವರನ್ನೇ ಕೇಳಿ.

ಹಾಗಾದರೆ ಕೆಲವರ ಕಾಪಿ ಕೆಟ್ಟಿರುತ್ತಲ್ಲ ಅಂತೀರಿ. ಕೆಟ್ಟಿರುತ್ತದೆ. ಒರಿಜಿನಲ್ ಎರಡು ಪದರದ್ದು, 8.5 ಜಿಬಿ. ಅಂಥ ಖಾಲಿ ಡಿಸ್ಕ್ ಹುಡುಕುವ ತಾಪತ್ರಯ ಯಾರಿಗೆ ಬೇಕು? 4.7 ಜಿಬಿಯದ್ದಕ್ಕೆ ತುರುಕುತ್ತಾರೆ. ತುರುಕಬೇಕಾದರೆ ಇನ್ನೊಮ್ಮೆ ಕುಗ್ಗಿಸಲೇಬೇಕು. ಇಲ್ಲವೇ ಮತ್ತೆ ಕುಗ್ಗಿಸಿ ಎಂಪಿ4 ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರೆ. ಕ್ವಾಲಿಟಿ ಹೋಗುವುದು ಅಲ್ಲಿ. ವಿಡಿಯೋ ಮುಟ್ಟದೆ, ಅಂದರೆ ಮತ್ತೆ ಕುಗ್ಗಿಸದೆ, ಎಂಕೆವಿ ಅನ್ನುವ ಇನ್ನೊಂದು ಬಗೆಯ ಫೈಲಿಗೆ ಹಾಕಿದರೆ ಏನೂ ಹೋಗುವುದಿಲ್ಲ.

ಪತ್ತೆ ಹಚ್ಚುವುದು ಸುಲಭ. ಮದುಮಕ್ಕಳ ಮುಖದ ಕ್ಲೋಸಪ್ ನೋಡಿ 'ಚೆನ್ನಾಗಿದೆ' ಅನ್ನಬೇಡಿ. ಅಲುಗದ ಮುಖ ಎಷ್ಟು ಹಿಂಡಿದರೂ ಚೆನ್ನಾಗೇ ಕಾಣುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ನಿಲ್ಲಿಸಿ. ಅಷ್ಟೂ ಕಾಳು ಒಟ್ಟಿಗೆ ಹಾರುವಾಗ ಬಿಟ್‌ರೇಟ್ (ಒಂದು ಸೆಕೆಂಡಿನ ಚಿತ್ರಕ್ಕೆ ಸಿಗುವ ಡೇಟಾ) ಸಾಲದೆ ಬಾಸಿಂಗದ ಸುತ್ತ ಚೌಕ ಚೌಕ ಕಾಣುತ್ತದೆ, ಕಾಳುಗಳು ಕಲಸಿಹೋಗಿ ಮಬ್ಬಾಗುತ್ತವೆ. ಒರಿಜಿನಲ್‌ನಲ್ಲೂ ಅದೇ ಜಾಗ ನೋಡಿ. ಅಲ್ಲೂ ಹಾಗೇ ಇದ್ದರೆ ಕಾಪಿ ಮಾಡಿದವರನ್ನು ಬಯ್ಯಬೇಡಿ, ಅದು 2009ರ ಎಡಿಟಿಂಗ್‌ನ ಪುಣ್ಯ. ಆರತಿ ಎತ್ತುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬಂದರೆ, ಇಂಟರ್‌ಲೇಸ್ ಚಿತ್ರವನ್ನು (ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತಿನಲ್ಲಿ ತೆಗೆದದ್ದು) ಸರಿಯಾಗಿ ಬಿಡಿಸದೆ ಎಂಪಿ4 ಮಾಡಿದ್ದಾರೆ ಅಂತ ತಿಳಿಯಿರಿ.

ಕಣ್ಣಿನ ಮೇಲೆ ನಂಬಿಕೆ ಇಲ್ಲವಾ? ಇಡೀ ಡಿಸ್ಕನ್ನು ಐಎಸ್‌ಒ ಫೈಲ್ ಮಾಡಿಸಿ, ಅಂದರೆ ಡಿಸ್ಕ್‌ನಲ್ಲಿರುವುದೆಲ್ಲ ಇದ್ದ ಹಾಗೇ ಒಂದೇ ಫೈಲ್. ಎರಡು ಸಲ ತೆಗೆಸಿ, ಎರಡರದ್ದೂ ಎಂಡಿ5 ಚೆಕ್‌ಸಮ್ ನೋಡಿ, ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದೇ ಬಂದರೆ ಜಗಳ ಮುಗಿಯಿತು.

ನಿಮ್ಮ ಚಿಂತೆ ಇರಬೇಕಾದದ್ದು ಬೇರೆ ಕಡೆ. ಮದುವೆ ಡಿಸ್ಕ್ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದಲ್ಲ, ಬಣ್ಣದ ಪದರದ ಮೇಲೆ ಲೇಸರ್‌ನಿಂದ ಸುಟ್ಟದ್ದು. ಆ ಬಣ್ಣಕ್ಕೆ ಬಿಸಿಲು, ಸೆಕೆ ಎರಡೂ ಆಗದು. ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೀವು ಅದನ್ನು ತಗಡಿನ ಶೀಟಿನ ಕೆಳಗೆ, ಟಿವಿ ಮೇಲೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡುತ್ತೀರಿ. ಹಾಳಾದ ಡಿಸ್ಕ್‌ನಲ್ಲಿ ಚಿತ್ರ ಮಾಸುವುದಿಲ್ಲ, ನಿಂತುಬಿಡುತ್ತದೆ. ತಾಳಿ ಕಟ್ಟುವ ಹೊತ್ತಿಗೇ ನಿಂತರೆ ಆಮೇಲೆ ಯಾವ ಸ್ಟುಡಿಯೋ ಏನು ಮಾಡೀತು? ಇವತ್ತೇ ಕಾಪಿ ತೆಗೆಸಿ. ಎರಡು ಹಾರ್ಡ್‌ಡಿಸ್ಕ್‌ಗೆ ಹಾಕಿ, ಒಂದನ್ನು ಅಕ್ಕನ ಮನೆಯಲ್ಲಿಡಿ. ಇರುವ ಒಂದೇ ಡಿಸ್ಕನ್ನು ಅಂಗಡಿಯಲ್ಲಿ 'ನಾಳೆ ಬಂದು ತಗೊಳ್ತೀನಿ' ಅಂತ ಬಿಟ್ಟು ಬರಬೇಡಿ, ಕಾಪಿ ಆಗುವ ತನಕ ಅಲ್ಲೇ ಕೂತಿರಿ. ಅಂಗಡಿಯವರು ಮುಖ ಸಿಂಡರಿಸಲಿ ಬಿಡಿ.

ಉಳಿದವು.

ಸಿಂಧನೂರು: ಗೀರು ಬಿದ್ದ ಡಿಸ್ಕ್‌ಗೆ ಟೂತ್‌ಪೇಸ್ಟ್ ಹಚ್ಚಬಹುದಾ?
ಹಲ್ಲಿಗೆ ಹಚ್ಚಿ.

ರಾಯಚೂರು: ಹಳೇ ಡಿವಿಡಿಯನ್ನು 4ಕೆ ಮಾಡಿಕೊಡುತ್ತಾರಂತೆ, ಮಾಡಿಸಲಾ?
ನಿಮ್ಮ ಡಿವಿಡಿಯ ಒಂದು ಫ್ರೇಮ್‌ನಲ್ಲಿ ಇರುವುದು 4 ಲಕ್ಷ ಚಿಲ್ಲರೆ ಪಿಕ್ಸೆಲ್. 4ಕೆ ಟಿವಿಗೆ ಬೇಕಾದದ್ದು ಸುಮಾರು 83 ಲಕ್ಷ. ಉಳಿದದ್ದನ್ನೆಲ್ಲ ಸಾಫ್ಟ್‌ವೇರ್ ಊಹೆ ಮಾಡಿ ತುಂಬುತ್ತದೆ. ಊಹೆಗೆ ದುಡ್ಡು ಕೊಡುವುದು ನಿಮ್ಮ ಇಷ್ಟ.

ಕುಷ್ಟಗಿ: ಸಿಡಿ ಮೇಲಿನ ಹಳೇ ಸ್ಟಿಕರ್ ಕೀಳಬಹುದಾ?
ಬೇಡ. ಸಿಡಿಯಲ್ಲಿ ಡೇಟಾ ಇರುವುದೇ ಆ ಮೇಲ್ಮೈಗೆ ತಾಗಿಕೊಂಡು. ಸ್ಟಿಕರ್ ಜೊತೆ ಅದೂ ಕಿತ್ತು ಬರುತ್ತದೆ.

ಸಿರುಗುಪ್ಪ: ಸಿನಿಮಾ ಡಿಸ್ಕ್‌ನ ಲಾಕ್ ಒಡೆದು ನಾಲ್ಕು ಜನಕ್ಕೆ ಕಾಪಿ ಕೊಡಬೇಕು, ಸಾಫ್ಟ್‌ವೇರ್ ಹೆಸರು ಹೇಳಿ.
ಹೇಳುವುದಿಲ್ಲ. 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಸೇರಿದೆ, ಎರಡು ವರ್ಷದ ತನಕ ಜೈಲು ಮತ್ತು ದಂಡ. ಅದನ್ನು ಓದಿಕೊಳ್ಳಿ.