ಟೇಪ್ ಹಿಡಿಯೋಕೆ ಅಮೆರಿಕಕ್ಕೆ ಹೋಗಬೇಕಾ?

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ಪರಂಪರೆ ಸಂರಕ್ಷಣೆ ಕಲಿಯುವವರಿಗೆ ವಿದೇಶಿ ಇಂಟರ್ನ್‌ಶಿಪ್ ಇದೆ ಅಂತ ಹೋದ ಸಂಚಿಕೆಯಲ್ಲಿ ಬರೆದಿರಿ. ಅದನ್ನು ಓದಿ ನನ್ನ ಮಗಳು ಹಠ ಹಿಡಿದಿದ್ದಾಳೆ. ಆರ್ಕಿಟೆಕ್ಚರ್ ಓದಿದವಳು. ಬೇಸಿಗೆಯಲ್ಲಿ ಮೂರು ತಿಂಗಳು ಅಮೆರಿಕಕ್ಕೆ ಹೋಗಿ ಅಳತೆ ಟೇಪ್ ಹಿಡಿದು ಹಳೇ ಮನೆ ಅಳೆಯುತ್ತಾಳಂತೆ. ಸಾವಿರ ವರ್ಷದ ಗುಡಿ ಇರೋ ನಾಡಿನಿಂದ ಇನ್ನೂರು ವರ್ಷದ ಮನೆ ಅಳೆಯೋಕೆ ಹೋಗಬೇಕಾ? ವಾಪಸ್ ಬಂದರೆ ಕೆಲಸ ಯಾರು ಕೊಡ್ತಾರೆ? ನೀವು ಸುಮ್ನೆ ಆಸೆ ಹುಟ್ಟಿಸಿದಿರಿ."

ಸಂಪಾದಕರ ಉತ್ತರ:

ಮೊದಲು ಟೇಪಿನ ವಿಷಯ. ಹೌದು, ಟೇಪ್ ಹಿಡಿಯೋಕೇ ಹೋಗಬೇಕು. ನೀವು ಅದನ್ನು ಸಣ್ಣ ಕೆಲಸ ಅಂದುಕೊಂಡಿದ್ದೀರಿ, ನನ್ನ ತಕರಾರು ಇರೋದು ಅಲ್ಲೇ.

ಹಳೇ ಮನೆಯ ಒಂದು ಕೋಣೆ ಅಳೆಯುವುದನ್ನೇ ನೋಡಿ. ಒಬ್ಬರು ಟೇಪಿನ ಸೊನ್ನೆ ತುದಿಯನ್ನು ಮೂಲೆಗೆ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಓದಿ ಹೇಳುತ್ತಾರೆ. ಮೂರನೆಯವರು ಆ ಅಂಕಿಯನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳಿ ಬರೆದುಕೊಳ್ಳುತ್ತಾರೆ. ಬಾಗಿಲು, ಕಿಟಕಿ, ಗೂಡು ಅಂತ ಒಂದೊಂದನ್ನೇ ಬಿಡಿಬಿಡಿಯಾಗಿ ಅಳೆದು ಕೂಡಿಸುವ ಹಾಗಿಲ್ಲ. ಹಾಗೆ ಮಾಡಿದರೆ ಒಂದೊಂದರಲ್ಲೂ ಕೂದಲೆಳೆಯಷ್ಟು ತಪ್ಪಿದರೂ ಗೋಡೆಯ ಆ ಕೊನೆ ಮುಟ್ಟುವಷ್ಟರಲ್ಲಿ ಎರಡು ಬೆರಳು ವ್ಯತ್ಯಾಸ ಬಂದಿರುತ್ತದೆ, ಅದಕ್ಕೇ ಎಲ್ಲವನ್ನೂ ಅದೇ ಸೊನ್ನೆಯಿಂದ ಓದುತ್ತಾ ಹೋಗುತ್ತಾರೆ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಕರ್ಣ. ಕರ್ಣ ಅಳೆಯದವರು ಕಾಗದದ ಮೇಲೆ ನೆಟ್ಟಗಿನ ಚೌಕ ಬರೆದುಬಿಡುತ್ತಾರೆ, ನಿಜವಾದ ಕೋಣೆ ಸೊಟ್ಟಗಿರುತ್ತದೆ. ಗೋಡೆ ವಾಲಿದೆಯೋ, ಅಡಿಪಾಯ ಕುಸಿದಿದೆಯೋ, ಇಲ್ಲಾ ಬೀದಿಯ ತಿರುವು ನೋಡಿಕೊಂಡು ಮೇಸ್ತ್ರಿಯೇ ಹಾಗೆ ಕಟ್ಟಿದನೋ ಅನ್ನೋದು ಗೊತ್ತಾಗುವುದು ಆ ಸೊಟ್ಟದಿಂದಲೇ. ಈಗ ಲೇಸರ್ ಸ್ಕ್ಯಾನರ್ ಬಂದಿದೆ ನಿಜ. ಯಾವ ಗೆರೆ ಬರೆಯಬೇಕು, ಯಾವುದನ್ನು ಬಿಡಬೇಕು ಅಂತ ಅದು ಹೇಳುವುದಿಲ್ಲ.

ಇದನ್ನು ಅಮೆರಿಕದಲ್ಲೇ ಯಾಕೆ ಕಲಿಯಬೇಕು? ಅಲ್ಲಿನವರು ಇದನ್ನು ಸರ್ಕಾರಿ ಕೆಲಸವಾಗಿ ತೊಂಬತ್ತು ವರ್ಷದ ಹಿಂದೆಯೇ ಶುರುಮಾಡಿ, ಎರಡನೇ ಮಹಾಯುದ್ಧದ ಹೊತ್ತಿಗೆ ಕೆಲವು ವರ್ಷ ನಿಂತರೂ, ಮಾಡಿಕೊಂಡು ಬಂದಿದ್ದಾರೆ. 1933ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಆರ್ಕಿಟೆಕ್ಟುಗಳಿಗೆ ಕೆಲಸವೇ ಇರಲಿಲ್ಲ. ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಚಾರ್ಲ್ಸ್ ಪೀಟರ್ಸನ್ ಅನ್ನೋರು ಒಂದು ಟಿಪ್ಪಣಿ ಬರೆದರು: ಸುಮಾರು 1000 ಮಂದಿ ನಿರುದ್ಯೋಗಿ ಆರ್ಕಿಟೆಕ್ಟುಗಳಿಗೆ ಹತ್ತು ವಾರ ಸಂಬಳ ಕೊಟ್ಟು ದೇಶದ ಹಳೇ ಕಟ್ಟಡಗಳನ್ನು ಅಳೆಸೋಣ ಅಂತ. ಅದೇ ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೆ, ಕೆಲಸದವರ ಬಾಯಲ್ಲಿ ಹ್ಯಾಬ್ಸ್. ಹತ್ತು ವಾರಕ್ಕೆ ಅಂತ ಯೋಚಿಸಿದ್ದು ಇವತ್ತಿಗೂ ನಡೆಯುತ್ತಿದೆ. ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗುತ್ತವೆ. 500 ವರ್ಷ ಬಾಳಿಕೆ ಬರಬೇಕು ಅನ್ನೋದು ಅಲ್ಲಿನ ನಿಯಮ. ಯಾರು ಬೇಕಾದರೂ ನೋಡಬಹುದು, ಹುಬ್ಬಳ್ಳಿಯಲ್ಲಿ ಕೂತು ಡೌನ್‌ಲೋಡ್ ಕೂಡ ಮಾಡಿಕೊಳ್ಳಬಹುದು.

ಐಕೊಮೋಸ್‌ನ ಅಮೆರಿಕ ಶಾಖೆ 1984ರಲ್ಲಿ ಶುರುಮಾಡಿದ ವಿನಿಮಯ ಕಾರ್ಯಕ್ರಮದಲ್ಲಿ ಎಷ್ಟೋ ದೇಶದ ಹುಡುಗರು ಹುಡುಗಿಯರು ಹ್ಯಾಬ್ಸ್ ತಂಡಗಳಲ್ಲಿ ಬೇಸಿಗೆ ಕಳೆದಿದ್ದಾರೆ, ಅಲ್ಲಿನವರು ಬೇರೆ ದೇಶಗಳಿಗೆ ಹೋಗಿದ್ದಾರೆ. ಐಕೊಮೋಸ್ ಅಂದರೆ ವಿಶ್ವ ಪರಂಪರೆ ಪಟ್ಟಿಗೆ ಬಂದ ಸಾಂಸ್ಕೃತಿಕ ತಾಣಗಳ ಅರ್ಜಿಗಳನ್ನು ಯುನೆಸ್ಕೊಗಾಗಿ ತೂಗಿ ನೋಡುವ ಸಂಸ್ಥೆ. 2023ರಲ್ಲಿ ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರ ಆ ಪಟ್ಟಿ ಸೇರುವ ಮೊದಲು ಅರ್ಜಿ ಪರಿಶೀಲಿಸಿದ್ದೂ ಅವರೇ.

ಇನ್ನು ಸಾವಿರ ವರ್ಷ, ಇನ್ನೂರು ವರ್ಷದ ಲೆಕ್ಕ. ನ್ಯೂ ಮೆಕ್ಸಿಕೊದ ರಾಂಚೋಸ್ ಡಿ ಟಾವೋಸ್‌ನಲ್ಲಿ ಒಂದು ಮಣ್ಣಿನ ಚರ್ಚಿದೆ. ವರ್ಷವರ್ಷವೂ ಮಣ್ಣು ಮೆತ್ತುವ ರಗಳೆ ಯಾಕೆ ಅಂತ 1967ರಲ್ಲಿ ಅದಕ್ಕೆ ಸಿಮೆಂಟ್ ಗಿಲಾವು ಹೊಡೆದರು. ಬಿರುಕಿನಲ್ಲಿ ನೀರು ಇಳಿಯಿತು, ಸಿಮೆಂಟಿನ ಹಿಂದೆ ಸಿಕ್ಕಿಹಾಕಿಕೊಂಡಿತು, ಒಳಗಿನ ಹಸಿ ಇಟ್ಟಿಗೆ ಕರಗತೊಡಗಿತು. 1979ರಲ್ಲಿ ಸಿಮೆಂಟೆಲ್ಲ ಕಿತ್ತು ಮತ್ತೆ ಮಣ್ಣಿಗೇ ಬಂದರು. ಈಗ ಪ್ರತಿ ಬೇಸಿಗೆಯಲ್ಲೂ ಊರವರೇ ಸೇರಿ ಮಣ್ಣು ಕಲಸಿ ಮೆತ್ತುತ್ತಾರೆ. ನಿಮ್ಮ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗೆ ಸಿಮೆಂಟ್ ಬಳಿಸಿದವರು ಎಷ್ಟು ಜನ ಇಲ್ಲ ಹೇಳಿ? ಗೋಡೆಗೆ ವಯಸ್ಸಿನ ಜಂಬ ಇಲ್ಲ ಸ್ವಾಮಿ, ತೇವಕ್ಕೂ ಇಲ್ಲ.

ಇನ್ನೊಂದು ಮಾತು. ಇದು ನಾವು ಅಲ್ಲಿಗೆ ಹೋಗುವ ಕಥೆ ಮಾತ್ರ ಅಲ್ಲ. 1980ರಲ್ಲಿ ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ಆರ್ಕಿಟೆಕ್ಚರ್ ಇತಿಹಾಸಕಾರ ಜಾರ್ಜ್ ಮಿಚೆಲ್ ಹಂಪಿಗೆ ಬಂದು ಕೆಲಸ ಶುರುಮಾಡಿದರು. ಮುಂದಿನ ಎರಡು ದಶಕ ಚಳಿಗಾಲ ಬಂತೆಂದರೆ ಅಲ್ಲಿ ಕ್ಯಾಂಪ್. ನಮ್ಮ ಮತ್ತು ಹೊರದೇಶದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಒಟ್ಟಿಗೇ ಟೇಪ್ ಹಿಡಿದು ಬಂಡೆ ಹತ್ತಿ ಇಳಿದು ಬರೆದರು. ಇವತ್ತು ವಿಜಯನಗರದ ಊರ ಯೋಜನೆ ಬಗ್ಗೆ ಮಾತಾಡುವಾಗ ನಾವು ಬಿಚ್ಚಿಡುವ ನಕ್ಷೆಗಳಲ್ಲಿ ಆ ಹುಡುಗರ ಬೆವರು ಜಾಸ್ತಿ. ಆಗ ಅವರ ಅಪ್ಪ ಅಮ್ಮಂದಿರೂ ಕೇಳಿರಬಹುದು, ಕಲ್ಲು ಅಳೆಯೋಕೆ ಬಳ್ಳಾರಿ ಬಿಸಿಲಿಗೆ ಯಾಕೆ ಹೋಗ್ತೀಯ ಅಂತ.

ದುಡ್ಡಿನ ಆಸೆ ಇಟ್ಟುಕೊಳ್ಳಬೇಡಿ. ಕೈಗೆ ಸಿಗುವ ಭತ್ಯೆ ಊಟ, ಬಾಡಿಗೆಗೆ ಸಾಕಾದರೆ ದೊಡ್ಡದು. ವೀಸಾ ಜೆ-1, ಅಂದರೆ ವಿನಿಮಯ ಕಾರ್ಯಕ್ರಮಕ್ಕೆ ಹೋಗುವವರದು. ಆರೋಗ್ಯ ವಿಮೆ ಕಡ್ಡಾಯ. ಅದರಲ್ಲಿ ಇಂಟರ್ನ್ ಅಂತ ಹೋಗಲು ಓದುತ್ತಿರಬೇಕು, ಇಲ್ಲವೇ ಓದು ಮುಗಿಸಿ 12 ತಿಂಗಳೊಳಗೆ ಹೋಗಬೇಕು. ಮಗಳು ಡಿಗ್ರಿ ಮುಗಿಸಿ ಎಷ್ಟು ದಿನವಾಯಿತು ಅಂತ ನೀವು ಬರೆದಿಲ್ಲ. ಅವಧಿ ದಾಟಿದ್ದರೆ ಟ್ರೈನಿ ಅನ್ನೋ ಇನ್ನೊಂದು ವರ್ಗ ಇದೆ. ಅದಕ್ಕೆ ಡಿಗ್ರಿಯ ಜೊತೆ ಇಲ್ಲೇ ಒಂದು ವರ್ಷ ಆ ಕೆಲಸ ಮಾಡಿದ ಅನುಭವ ಬೇಕು. ಇಂಗ್ಲೆಂಡ್ ಕಡೆ ಮನಸ್ಸಿದ್ದರೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ನಮ್ಮ ಸಂರಕ್ಷಣಾ ತಜ್ಞರಿಗೆ ನೆರವು ಕೊಡುತ್ತದೆ. ಆದರೆ ಅದು ಸ್ವಲ್ಪ ಅನುಭವ ಆದವರಿಗೆ.

ವಾಪಸ್ ಬಂದ ಮೇಲೆ ಕೆಲಸ? ಕಡಿಮೆಯೇ. ಸುಳ್ಳು ಹೇಳಿ ಏನು ಪ್ರಯೋಜನ? ಜೀರ್ಣೋದ್ಧಾರದ ಟೆಂಡರ್ ಕಡಿಮೆ ರೇಟು ಹಾಕಿದವರ ಪಾಲಾಗುವುದನ್ನು, ಕೆತ್ತನೆ ಕಂಬಕ್ಕೆ ಆಯಿಲ್ ಪೇಂಟ್ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಇದೆ, ಹಳೇ ಗುಡಿಗಳ ಜೀರ್ಣೋದ್ಧಾರ ಮಾಡುವ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಇದೆ, ಬೆಂಗಳೂರು ಮೈಸೂರುಗಳಲ್ಲಿ ಕೆಲವು ಖಾಸಗಿ ಕಚೇರಿಗಳಿವೆ, ಅಷ್ಟೇ. ಅವರಲ್ಲಿ ಯಾರ ಬಳಿ ಹೋದರೂ ಮೊದಲು ಕೇಳುವುದು ಸರ್ಟಿಫಿಕೇಟ್ ಅಲ್ಲ, ನೀನೇ ಅಳೆದು ಬರೆದ ನಕ್ಷೆ ತೋರಿಸು ಅಂತ. ಹೋಗಿ ಬಂದವಳ ಕೈಯಲ್ಲಿ ಅದು ಇರುತ್ತದೆ. ಎರಡು ವರ್ಷ ಯಾರದೋ ಕಚೇರಿಯಲ್ಲಿ ಟಾಯ್ಲೆಟ್ ಲೇಔಟ್ ಬರೆದವಳ ಕೈಯಲ್ಲಿ ಅದು ಇರುತ್ತಾ?

ನಿಮ್ಮ ಅನುಮಾನಕ್ಕೆ ಒಂದು ನ್ಯಾಯವಾದ ಜಾಗವಿದೆ, ಅದನ್ನೂ ಹೇಳಿಬಿಡುತ್ತೇನೆ. ಈ ವೀಸಾಗೆ ಡಿಎಸ್-7002 ಅನ್ನೋ ಫಾರ್ಮ್ ಬೇಕು. ಯಾವ ಹಂತದಲ್ಲಿ ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ ಅಂತ ಅದರಲ್ಲಿ ಬರೆದು ಸಹಿ ಹಾಕಿರಬೇಕು. ಅದು ಬಂದ ದಿನ ಅಪ್ಪ ಮಗಳು ಇಬ್ಬರೂ ಕೂತು ಓದಿ. ಹೊರಗೆ ಕಟ್ಟಡದ ಹತ್ತಿರ ಎಷ್ಟು ವಾರ, ನಕ್ಷೆ ಮೇಲೆ ಹೆಸರು ಬರುತ್ತಾ, ಮೇಲಿರುವವರು ಸ್ವತಃ ಅಳೆದು ಗೊತ್ತಿರುವವರಾ ಅಂತ ನೋಡಿ. ಎಲ್ಲಾ ಕಡೆ ಬರೀ ಕಚೇರಿ ನೆರವು, ಫೈಲ್ ಜೋಡಣೆ ಅಂತ ಇದ್ದರೆ ಮಗಳಿಗೆ ಬೇಡ ಅನ್ನಿ, ಆಗ ನಾನೂ ನಿಮ್ಮ ಕಡೆಗೇ.