ರಾಸ್ಪ್‌ಬೆರಿ ಪೈನಲ್ಲಿ ಹೋಮ್ ಅಸಿಸ್ಟೆಂಟ್ ಅನ್ನು ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಸ್ಥಾಪಿಸುವುದು ಹೇಗೆ? ಪೈನಲ್ಲಿರುವ ಬೇರೆ ಪ್ರೋಗ್ರಾಂಗಳಿಗೆ ತೊಂದರೆಯಾಗಬಾರದು.

ಪೈ ಎಂಬ ಈ ಪುಟ್ಟ ಕಂಪ್ಯೂಟರಿನಲ್ಲಿರುವ ಬೇರೆ ಪ್ರೋಗ್ರಾಂಗಳಿಗೆ ತೊಂದರೆಯಾಗದಿರಲಿ ಎಂಬ ನಿಮ್ಮ ಕಾರಣವನ್ನೇ ಹೇಳಿಕೊಂಡು 2022ರಲ್ಲಿ ಕಲಬುರಗಿಯ ನಮ್ಮ ಮನೆಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಆಗ ಪೈನಲ್ಲಿ ಓಎಸ್‌ನ ಬುಲ್ಸ್‌ಐ ಆವೃತ್ತಿ, ಅದರೊಳಗೆ ಪೈಥಾನ್ ಭಾಷೆಯ 3.9 ಆವೃತ್ತಿ ಇತ್ತು. ಮನೆಯ ಉಪಕರಣಗಳನ್ನು ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್‌ಗೆಂದೇ ಬೇರೊಬ್ಬ ಬಳಕೆದಾರನನ್ನು ಸೃಷ್ಟಿಸಿ, ಅವನ ಹೆಸರಿನಲ್ಲಿ ವೆನ್ವ್ (ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಒಂದು ಪ್ರೋಗ್ರಾಂನ ಲೈಬ್ರರಿಗಳನ್ನು ಬೇರೆಯಾಗಿಡುವ ಫೋಲ್ಡರ್) ಮಾಡಿ, ಪೈ ಆನ್ ಆದಾಗ ತಾನೇ ಶುರುವಾಗಲೆಂದು ಸಿಸ್ಟಂಡಿ ಸರ್ವಿಸ್ ಬರೆದೆ. ಮೇಲಿನ ಟ್ಯಾಂಕು ತುಂಬಿದ ಕೂಡಲೇ ಬೋರ್‌ವೆಲ್ ಮೋಟಾರ್ ನಿಲ್ಲಿಸುವುದು ಅದರ ಮುಖ್ಯ ಕೆಲಸ, ಮತ್ತು ಎರಡು ತಿಂಗಳು ಅದನ್ನು ಸರಿಯಾಗಿಯೇ ಮಾಡಿತು.

ಏಪ್ರಿಲ್‌ನ ಒಂದು ಸಂಜೆ ಹೊಸ ಆವೃತ್ತಿಗೆ ಏರಿಸಲು ಕುಳಿತೆ. ನನ್ನ ಸ್ವಂತ ಖಾತೆಯಿಂದ ಲಾಗಿನ್ ಆಗಿ ವೆನ್ವ್ ಅನ್ನು ಆಕ್ಟಿವೇಟ್ ಮಾಡಿದೆ. ಫೋಲ್ಡರಿನ ಒಡೆತನ ಆ ಇನ್ನೊಬ್ಬ ಬಳಕೆದಾರನದ್ದಾಗಿದ್ದರಿಂದ, ಪೈಥಾನ್ ಪ್ಯಾಕೇಜುಗಳನ್ನು ಸ್ಥಾಪಿಸುವ ಪಿಪ್ ಅನುಮತಿಯಿಲ್ಲವೆಂದಿತು. ನಾನು ಪಿಪ್‌ನ ಮುಂದೆ, ಆಜ್ಞೆಯನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೊ ಸೇರಿಸಿದೆ. ಮುಂದಿನದ್ದೆಲ್ಲ ಈ ಒಂದು ಪದದಿಂದಾದದ್ದು. ಆಕ್ಟಿವೇಟ್ ಮಾಡುವುದೆಂದರೆ ಮುಖ್ಯವಾಗಿ ಆ ಟರ್ಮಿನಲ್‌ನ ಪಾತ್ ಪಟ್ಟಿಯಲ್ಲಿ (ಪ್ರೋಗ್ರಾಂಗಳನ್ನು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ) ವೆನ್ವ್‌ನ ಬಿನ್ ಫೋಲ್ಡರನ್ನು ಮೊದಲು ಇಡುವುದು. ಸುಡೊ ಆ ಪಟ್ಟಿಯನ್ನು ಬದಿಗಿಟ್ಟು ತನ್ನದೇ ಸುರಕ್ಷಿತ ಪಟ್ಟಿಯನ್ನು ಬಳಸುತ್ತದೆ. ಹಾಗಾಗಿ ಓಡಿದ್ದು ಸಿಸ್ಟಂನ ಪಿಪ್, ಹೊಸ ಆವೃತ್ತಿ ಹೋಗಿ ಕುಳಿತದ್ದು ಸಿಸ್ಟಂನ ಪೈಥಾನ್‌ಗೆ. ಪರದೆಯ ಮೇಲೆ ಆವರಣದೊಳಗೆ ವೆನ್ವ್‌ನ ಹೆಸರು ಕಾಣುತ್ತಲೇ ಇದ್ದುದರಿಂದ ನನಗೆ ಯಾವ ಸಂಶಯವೂ ಬರಲಿಲ್ಲ.

ಆವೃತ್ತಿ ಕೇಳಿದರೆ ಹಳೆಯ ಸಂಖ್ಯೆಯೇ ಬಂತು. ಹಳೆಯ ಫೋಲ್ಡರ್ ಅಡ್ಡ ಬರುತ್ತಿದೆಯೆಂದು ತಿಳಿದು ಅದನ್ನೇ ಅಳಿಸಿ, ಹೊಸ ಟರ್ಮಿನಲ್ ತೆರೆದೆ. ಈಗ ಹೊಸ ಸಂಖ್ಯೆ ಬಂತು, ಏಕೆಂದರೆ ಉತ್ತರ ಕೊಟ್ಟದ್ದು ಸಿಸ್ಟಂನಲ್ಲಿದ್ದ ಪ್ರತಿ. ಇತ್ತ ಮೊದಲೇ ಮೆಮೊರಿಗೆ ಲೋಡ್ ಆಗಿದ್ದ ಹಳೆಯ ಪ್ರೋಗ್ರಾಂ ಓಡುತ್ತಲೇ ಇತ್ತು, ಮೊಬೈಲಿನಲ್ಲಿ ಟ್ಯಾಂಕಿನ ಮಟ್ಟವೂ ಕಾಣುತ್ತಿತ್ತು. ರಾತ್ರಿ ಕರೆಂಟ್ ಹೋಗಿ ಬಂತು. ಪೈ ಎದ್ದಿತು, ಆದರೆ ಸರ್ವಿಸ್ ಹುಡುಕುತ್ತಿದ್ದ ದಾರಿಯಲ್ಲಿ ಪ್ರೋಗ್ರಾಂ ಇರಲೇ ಇಲ್ಲ. ಬೆಳಗಿನ ಜಾವ ಅಪ್ಪ, ಟ್ಯಾಂಕು ತುಂಬಿದರೆ ತಾನೇ ನಿಲ್ಲುತ್ತದೆಂಬ ಭರವಸೆಯಲ್ಲಿ ಮೋಟಾರ್ ಚಾಲೂ ಮಾಡಿ ಶರಣಬಸವೇಶ್ವರರ ಗುಡಿಗೆ ಹೋದರು. ಟ್ಯಾಂಕು ತುಂಬಿ ಹರಿಯಿತು. ಬೇಸಿಗೆಯಲ್ಲಿ ಮೊದಲೇ ಇಳಿದಿದ್ದ ಬೋರ್‌ವೆಲ್‌ನ ನೀರು ತೀರಿ, ಮೋಟಾರ್ ನೀರಿಲ್ಲದೆ ಓಡಿ, ವೈಂಡಿಂಗ್ ಸುಟ್ಟುಹೋಯಿತು. ಅದನ್ನು ಮೇಲೆತ್ತಿ ರಿವೈಂಡ್ ಮಾಡಿಸುವವರೆಗೆ ಐದು ದಿನ ಅಮ್ಮ ಟ್ಯಾಂಕರ್ ನೀರನ್ನು ಕೊಡದಲ್ಲಿ ತುಂಬಿಸಿಡಬೇಕಾಯಿತು. ಆ ಐದು ದಿನಗಳ ನೋವು ನನಗೆ ಇನ್ನೂ ಹೋಗಿಲ್ಲ.

ಆದ್ದರಿಂದ ಸ್ಥಾಪನೆಯ ಆಜ್ಞೆಗಳನ್ನು ನಾನು ಬರೆಯುವುದಿಲ್ಲ. ಈ ದಾರಿಯೇ ನಿಮಗೆ ಬೇಡ. ವೆನ್ವ್ ಬೇರ್ಪಡಿಸುವುದು ಪೈಥಾನ್ ಲೈಬ್ರರಿಗಳನ್ನು ಮಾತ್ರ. ಅದರೊಳಗಿನ ಪೈಥಾನ್ ಸಾಮಾನ್ಯವಾಗಿ ಸಿಸ್ಟಂನ ಪೈಥಾನ್‌ಗೆ ಕಟ್ಟಿದ ಕೊಂಡಿಯಷ್ಟೇ ಆಗಿರುವುದರಿಂದ, ಓಎಸ್ ಬದಲಾಗಿ ಪೈಥಾನ್ 3.9 ಹೋಗಿ 3.11 ಬಂದರೆ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ. ಬುಲ್ಸ್‌ಐ ನಂತರದ ಓಎಸ್ ಆವೃತ್ತಿಯಾದ ಬುಕ್‌ವರ್ಮ್‌ನಿಂದೀಚೆಗೆ ಸಿಸ್ಟಂಗೆ ಪಿಪ್ ಮೂಲಕ ಸ್ಥಾಪಿಸಲು ಹೊರಟರೆ ಪಿಪ್ ತಾನೇ ತಡೆಯುತ್ತದೆ, ನನ್ನ ತಪ್ಪು ಈಗ ಅಷ್ಟು ಸುಲಭವಲ್ಲ ನಿಜ. ಆದರೆ ವೆನ್ವ್‌ನಲ್ಲಿ ಸ್ಥಾಪಿಸುವ ಈ ವಿಧಾನವನ್ನು ಕೈಬಿಡುವುದಾಗಿ ಹೋಮ್ ಅಸಿಸ್ಟೆಂಟ್‌ನವರೇ 2025ರ ಮೇ ತಿಂಗಳಲ್ಲಿ ಘೋಷಿಸಿದರು. ಪೈ ಬೇರೆ ಕೆಲಸಕ್ಕೂ ಬೇಕಿದ್ದರೆ, ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದದ್ದರೊಂದಿಗೆ ಪ್ರತ್ಯೇಕವಾಗಿ ಓಡಿಸುವ ಡಾಕರ್ ಕಂಟೈನರ್ ಬಳಸಿ. ಇಲ್ಲದಿದ್ದರೆ ಹೋಮ್ ಅಸಿಸ್ಟೆಂಟ್ ಓಎಸ್ ಅನ್ನೇ ಹಾಕಿ. ಕೋಡ್ ತಿದ್ದುವ ಡೆವಲಪರ್ ನೀವಾಗಿದ್ದರೆ ಮಾತ್ರ ವೆನ್ವ್‌ಗೆ ಹೋಗಿ, ಆಗಲೂ ಪ್ರತಿ ಬಾರಿ ಆ ಪ್ರತ್ಯೇಕ ಬಳಕೆದಾರನಾಗಿಯೇ ಒಳಹೊಕ್ಕು, ಯಾವ ಪಿಪ್ ಓಡುತ್ತದೆಂದು ತಿಳಿಯಲು ವಿಚ್ ಪಿಪ್ ಎಂದು ಕೇಳಿ ಬಂದ ದಾರಿಯನ್ನು ಪೂರ್ತಿ ಓದಿ.

ಮೋಟಾರ್ ಇದ್ದರೆ, ಟ್ಯಾಂಕು ತುಂಬಿದಾಗ ಅದನ್ನು ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನು ಟ್ಯಾಂಕಿನಲ್ಲಿಯೂ, ಬೋರ್‌ವೆಲ್‌ನ ನೀರು ತೀರಿದಾಗ ನಿಲ್ಲಿಸುವ ಡ್ರೈ ರನ್ ರಕ್ಷಣೆಯನ್ನು ಸ್ಟಾರ್ಟರ್ ಪ್ಯಾನೆಲ್‌ನಲ್ಲಿಯೂ ಮೊದಲು ಹಾಕಿಸಿ. ನಮ್ಮಲ್ಲಿ ಈಗ ಎರಡೂ ಇವೆ, ಪೈ ಆಫ್ ಆಗಿದ್ದರೂ ಅವು ಕೆಲಸ ಮಾಡುತ್ತವೆ.