ಮಾಸ್ಟ್ರಲ್ಲಿ ಕೇಳಿ: ಸೊಮಾಲಿಯಾದೊಳಗಿನ ಇನ್ನೊಂದು ದೇಶ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿಯವು ಆಫ್ರಿಕಾದ ಪೂರ್ವ ತೀರದ ಸೊಮಾಲಿಯಾದ ಬಗ್ಗೆ. ನಮ್ಮ ಕಾಸರಗೋಡಿನ ಉದುಮ, ಪಾಲಕ್ಕುನ್ನು ಕಡೆಯಲ್ಲಿ ಹಡಗಿನ ಕೆಲಸಕ್ಕೆ ಹೋದವರು ಇಲ್ಲದ ಮನೆ ಹುಡುಕುವುದೇ ಕಷ್ಟ, ಆ ಸಮುದ್ರದ ಸುದ್ದಿ ಇಲ್ಲಿಗೆ ಬೇಗ ಮುಟ್ಟುತ್ತದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಮಾಸ್ಟ್ರೇ, ನನ್ನ ತಮ್ಮನ ಹಡಗು ಬೆರ್ಬೆರಾ ಬಂದರಿಗೆ ಹೋಗಿತ್ತು. ‘ಅದು ಸೊಮಾಲಿಯಾ ಅಲ್ಲ, ಸೊಮಾಲಿಲ್ಯಾಂಡ್, ಬೇರೆ ದೇಶ’ ಅಂತಾನೆ. ಮಗಳ ಭೂಪಟದಲ್ಲಿ ಅಂಥ ದೇಶವೇ ಇಲ್ಲ. ಯಾರು ಸರಿ?
*– ಓದುಗರು, ಉದುಮ*

ತಮ್ಮನೂ ಸರಿ, ಭೂಪಟವೂ ಸರಿ. ಉತ್ತರದ ಭಾಗ, ಅಂದರೆ ಈಗಿನ ಸೊಮಾಲಿಲ್ಯಾಂಡ್, ಬ್ರಿಟಿಷರ ಕೈಯಲ್ಲಿತ್ತು, ದಕ್ಷಿಣ ಇಟಲಿಯವರ ಕೈಯಲ್ಲಿ. ಉತ್ತರಕ್ಕೆ 1960ರ ಜೂನ್ 26ಕ್ಕೆ ಸ್ವಾತಂತ್ರ್ಯ ಸಿಕ್ಕಿತು. ಐದೇ ದಿನ ಬೇರೆ ದೇಶವಾಗಿದ್ದು, ಜುಲೈ 1ಕ್ಕೆ ತಾನಾಗಿಯೇ ಹೋಗಿ ದಕ್ಷಿಣದೊಂದಿಗೆ ಸೇರಿತು. ಸೊಮಾಲಿಗಳೆಲ್ಲ ಒಂದೇ ಬಾವುಟದ ಕೆಳಗೆ ಬರಬೇಕು ಅಂತ ಆಗ ಎಲ್ಲರಿಗೂ ಭಾರೀ ಉತ್ಸಾಹ. ಸೇರಿದ ಮೇಲೆ ನೋಡಿದರೆ ರಾಜಧಾನಿ ಮೊಗಾದಿಶು, ದೊಡ್ಡ ಹುದ್ದೆಗಳೂ ಹೆಚ್ಚಿನವು ದಕ್ಷಿಣದವರಿಗೇ.

1969ರಲ್ಲಿ ಸೇನೆಯ ಸಿಯಾದ್ ಬರ್ರೆ ಅಧಿಕಾರ ಹಿಡಿದ. ಉತ್ತರದವರು ತಿರುಗಿಬಿದ್ದಾಗ 1988ರಲ್ಲಿ ಹರ್ಗೇಸಾ (ಈಗ ಸೊಮಾಲಿಲ್ಯಾಂಡಿನ ರಾಜಧಾನಿ) ಪಟ್ಟಣದ ಮೇಲೆ ಬಾಂಬು ಹಾಕಿಸಿದ. ವಿಮಾನಗಳು ಎಲ್ಲಿಂದ ಹಾರಿದ್ದು ಗೊತ್ತಾ? ಅದೇ ಹರ್ಗೇಸಾದ ವಿಮಾನ ನಿಲ್ದಾಣದಿಂದ. ಏರಿ, ತಿರುಗಿ, ಕೆಳಗಿನ ಮನೆಗಳ ಮೇಲೆ ಬಾಂಬು ಹಾಕಿ, ಮತ್ತೆ ಅಲ್ಲೇ ಇಳಿಯುತ್ತಿದ್ದವು. ಹತ್ತಾರು ಸಾವಿರ ಜನ ಸತ್ತರು, ಲಕ್ಷಗಟ್ಟಲೆ ಜನ ನಡೆದುಕೊಂಡೇ ಇಥಿಯೋಪಿಯಾಕ್ಕೆ ಓಡಿದರು. 1991ರ ಜನವರಿಯಲ್ಲಿ ಬರ್ರೆ ಓಡಿಹೋದ, ಮೇ 18ಕ್ಕೆ ಉತ್ತರದವರು ‘ನಾವು ಬೇರೆ’ ಅಂತ ಘೋಷಿಸಿಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಅವರಿಗೆ ಅವರದೇ ಅಧ್ಯಕ್ಷ, ಪೊಲೀಸ್, ಪಾಸ್‌ಪೋರ್ಟ್, ನೋಟು ಎಲ್ಲ ಇವೆ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ವಿಶ್ವಸಂಸ್ಥೆಯ ಒಂದು ಸದಸ್ಯ ದೇಶವೂ ಹೌದು ಅನ್ನಲಿಲ್ಲ. 2025ರ ಡಿಸೆಂಬರಿನಲ್ಲಿ ಇಸ್ರೇಲ್ ಮೊದಲ ಬಾರಿಗೆ ಮಾನ್ಯತೆ ಕೊಟ್ಟಿತು. ಮಗಳಿಗೆ ಪರೀಕ್ಷೆಯಲ್ಲಿ ಮಾತ್ರ ಭೂಪಟದಲ್ಲಿ ಇದ್ದದ್ದನ್ನೇ ಬರೆಯಲು ಹೇಳಿ.

ಕೋಟಿಗಟ್ಟಲೆ ಡಾಲರ್ ಸುರಿದ ಮೊಗಾದಿಶುವಿನಲ್ಲಿ ಇನ್ನೂ ಬಾಂಬು ಸಿಡಿಯುತ್ತದೆ. ಯಾರೂ ಕೇಳದ ಹರ್ಗೇಸಾ ಆರಾಮವಾಗಿದೆಯಂತೆ. ಇದು ಹೇಗೆ ಸಾಧ್ಯ?
*– ನಿವೃತ್ತ ಪಂಚಾಯತ್ ನೌಕರರು, ಬದಿಯಡ್ಕ*

ಯಾರೂ ಕೇಳಲಿಲ್ಲ ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ ಮಾರಾಯ್ರೇ.

ಮೊಗಾದಿಶುವಿಗೆ 1992ರ ಕೊನೆಗೆ ಅಮೆರಿಕದ ಸೇನೆ ಬಂತು, ಆಮೇಲೆ ವಿಶ್ವಸಂಸ್ಥೆಯ ದೊಡ್ಡ ಪಡೆ. ನಮ್ಮ ಭಾರತದ ಸೈನಿಕರೂ ಬೈದೋವಾ ಕಡೆ ಇದ್ದರು. 1995ಕ್ಕೆ ಎಲ್ಲರೂ ಗಂಟುಮೂಟೆ ಕಟ್ಟಿದರು. ಆಮೇಲೆ ಜಿಬೂತಿ, ಕೀನ್ಯಾ ಅಂತ ಹೊರದೇಶಗಳಲ್ಲಿ ಸಂಧಾನ ಸಭೆಗಳ ಸಾಲು. ಖರ್ಚು ಹೊರಗಿನವರದ್ದು, ಬಂದು ಕೂರುವವರು ಹೆಚ್ಚಾಗಿ ಬಂದೂಕು ಇದ್ದವರು. ಬಂದೂಕು ಜಾಸ್ತಿ ಇದ್ದಷ್ಟೂ ಮಂತ್ರಿಗಿರಿ ಖಾತ್ರಿ ಅಂತಾದರೆ ಬಂದೂಕು ಕೆಳಗಿಡುವವರು ಯಾರು ಹೇಳಿ? ಊರವರಿಂದ ತೆರಿಗೆ ಎತ್ತದೆ ಹೊರಗಿನ ದುಡ್ಡಿನಲ್ಲಿ ನಡೆಯುವ ಸರಕಾರಕ್ಕೆ ಊರವರ ಹಂಗು ಇರುವುದಿಲ್ಲ. ಇಸ್ಲಾಮಿ ಉಗ್ರರ ಗುಂಪು ಅಲ್-ಶಬಾಬ್‌ನವರು ಬೆಳೆದದ್ದು ಆ ಸಂದಿಯಲ್ಲೇ. ಅವರು ತೆರಿಗೆ ವಸೂಲಿ ಮಾಡುತ್ತಾರೆ, ಜಮೀನು ಜಗಳಕ್ಕೆ ತೀರ್ಪೂ ಕೊಡುತ್ತಾರೆ. ಇತ್ತ 2022ರಲ್ಲಿ ದೇಶದ ಅಧ್ಯಕ್ಷರನ್ನು ಆರಿಸಿದ್ದು ಸಂಸದರು, ಅದೂ ಮೊಗಾದಿಶು ವಿಮಾನ ನಿಲ್ದಾಣದ ಕಾವಲಿನ ಆವರಣದೊಳಗೆ. ಆ ಸಂಸದರ ಸ್ಥಾನಗಳಾದರೂ ‘ನಾಲ್ಕೂವರೆ’ ಸೂತ್ರದಂತೆ ಹಂಚಿದವು: ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು, ಉಳಿದ ಎಲ್ಲ ಸಣ್ಣವರಿಗೂ ಸೇರಿ ಅರ್ಧ.

ಉತ್ತರದಲ್ಲಿ ಏನಾಯಿತು ಅಂದರೆ, ಅಲ್ಲೂ ಮೊದಲು ಹೊಡೆದಾಟವೇ. 1992ರಲ್ಲಿ ಬೆರ್ಬೆರಾ ಬಂದರಿಗಾಗಿ ಅವರವರೇ ಬಡಿದಾಡಿಕೊಂಡರು. ಆಗ ನಡುವೆ ಬಂದವರು ಕುಲಗಳ ಹಿರಿಯರು. 1993ರಲ್ಲಿ ಬೊರಾಮಾ ಅನ್ನುವ ಊರಿನಲ್ಲಿ ಕೂತರು. ಒಂದೆರಡು ದಿನ ಅಲ್ಲ, ತಿಂಗಳುಗಟ್ಟಲೆ. ಊಟ ವಸತಿಯ ಖರ್ಚು ಹೆಚ್ಚಾಗಿ ಊರವರದ್ದೇ. ಊಟ ಹಾಕುವವರು ಎದುರಿಗೇ ಇರುವಾಗ ಸುಮ್ನೆ ಮಾತು ಬೆಳೆಸುತ್ತಾ ಕೂರುವುದಕ್ಕಾಗುತ್ತದಾ? ಮೊಹಮ್ಮದ್ ಇಬ್ರಾಹಿಂ ಇಗಾಲ್ ಅವರನ್ನು ಅಧ್ಯಕ್ಷ ಮಾಡಿದರು. 1960ರ ಆ ಐದು ದಿನದ ದೇಶದ ನಾಯಕ ಇವರೇ. ಹಿರಿಯರ ಸಭೆಗೆ ‘ಗೂರ್ತಿ’ ಅಂತ ಹೆಸರು, ಅದನ್ನೇ ಸಂಸತ್ತಿನ ಮೇಲ್ಮನೆ ಮಾಡಿದರು.

ದುಡ್ಡಿಗೆ ಎಂತ ಮಾಡಿದರು? ಅಲ್ಲಿಯ ದೊಡ್ಡ ವ್ಯಾಪಾರ ಕುರಿ, ಆಡು, ಒಂಟೆ. ಬೆರ್ಬೆರಾದಿಂದ ಹಡಗಿನಲ್ಲಿ ಸೌದಿಗೆ, ಹಜ್ ಹೊತ್ತಿಗಂತೂ ಲಕ್ಷಗಟ್ಟಲೆ. ದಾರಿಯಲ್ಲಿ ಹತ್ತು ಕಡೆ ಹುಡುಗರು ಬಂದೂಕು ಹಿಡಿದು ವಸೂಲಿಗೆ ನಿಂತರೆ ವ್ಯಾಪಾರಿ ಮುಳುಗಿದ. ಹಾಗಾಗಿ ವ್ಯಾಪಾರಿಗಳೇ ಇಗಾಲ್‌ಗೆ ಸಾಲ ಕೊಟ್ಟರು, ಬದಲಿಗೆ ತೆರಿಗೆಯಲ್ಲಿ ರಿಯಾಯಿತಿ ಪಡೆದರು. ಆ ಸಾಲ, ಬಂದರಿನ ಸುಂಕ ಎರಡನ್ನೂ ಹಾಕಿ ಬಂದೂಕಿನ ಹುಡುಗರಿಗೆ ಸಂಬಳ ಕೊಟ್ಟು ಸರಕಾರಿ ಸೈನಿಕರನ್ನಾಗಿ ಮಾಡಿದರು. ಇದರಲ್ಲಿ ವ್ಯಾಪಾರಿಗಳ ಸ್ವಾರ್ಥ ಇತ್ತು, ಇರಲಿ. ವ್ಯಾಪಾರಿಗೆ ದಾರಿ ಬೇಕು, ಸರಕಾರಕ್ಕೆ ಸುಂಕ ಬೇಕು. ಸಭೆಯ ಹಿರಿಯರಷ್ಟೇ ಈ ಲೆಕ್ಕಾಚಾರವೂ ಅಲ್ಲಿ ಕೆಲಸ ಮಾಡಿದೆ ಅಂತ ನನ್ನ ಅಭಿಪ್ರಾಯ.

ಆಮೇಲೂ ಜಗಳ ಆಗಿದೆ, 1994ರಿಂದ ಎರಡು ವರ್ಷ ಹರ್ಗೇಸಾ ವಿಮಾನ ನಿಲ್ದಾಣದ ಸುತ್ತ ದೊಡ್ಡದೇ ಆಯಿತು. ಆದರೆ 2003ರ ಅಧ್ಯಕ್ಷ ಚುನಾವಣೆ ನೋಡಿ. ನಾಲ್ಕು ಲಕ್ಷಕ್ಕೂ ಜಾಸ್ತಿ ಮತ ಬಿದ್ದು, ಆಯೋಗ ಹೇಳಿದ ಗೆಲುವಿನ ಅಂತರ ಬರೀ 80! 2016ರಲ್ಲಿ ಮಂಜೇಶ್ವರದ 89 ಮತದ ಅಂತರ ಕಂಡವರು ನಾವು, ಆ ಕೇಸು ಹೈಕೋರ್ಟಿಗೆ ಹೋದದ್ದೂ ನೆನಪಿದೆ ಅಲ್ವಾ? ಅಲ್ಲೂ ಸೋತ ವಿರೋಧ ಪಕ್ಷದ ಸಿಲಾನ್ಯೊ ಕೋರ್ಟಿಗೆ ಹೋದರು, ಕೋರ್ಟು ಎದುರಾಳಿಯೇ ಗೆದ್ದದ್ದು ಅಂದಿತು, ಒಪ್ಪಿಕೊಂಡರು. ಯುದ್ಧ ಮುಗಿದು ಹೆಚ್ಚು ಕಾಲ ಆಗದ, ಮನೆಮನೆಯಲ್ಲಿ ಬಂದೂಕು ಇದ್ದ ಜಾಗ ಅದು. 2010ರಲ್ಲಿ ಅದೇ ಸಿಲಾನ್ಯೊ ಗೆದ್ದರು. 2024ರ ನವೆಂಬರಿನಲ್ಲೂ ವಿರೋಧ ಪಕ್ಷದವರೇ ಗೆದ್ದು ಅಧಿಕಾರಕ್ಕೆ ಬಂದರು.

1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ ಹಾಗೇ ಅಲ್ವಾ ಅವರ ಕಥೆಯೂ?
*– ಓದುಗರು, ಮಂಜೇಶ್ವರ*

ಅಲ್ಲ. ಅವರು ತಾವಾಗಿ ಹೋಗಿ ಸೇರಿದವರು, ನಮ್ಮನ್ನು ಸೇರಿಸಿದ್ದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿತು, ಅದು ಕಡತದಲ್ಲೇ ಉಳಿಯಿತು, ಆ ಬೇಸರ ನನಗೂ ಇದೆ. ಆದರೆ ನಮ್ಮದು ಒಂದೇ ದೇಶದೊಳಗಿನ ಗಡಿಯ ಮಾತು. ಕನ್ನಡ ಬಾರದ ಮಾಸ್ಟ್ರನ್ನು ಕನ್ನಡ ಶಾಲೆಗೆ ಹಾಕಬೇಡಿ, ಕಚೇರಿಯ ಅರ್ಜಿ ಕನ್ನಡದಲ್ಲಿ ಕೊಡಿ ಅಂತ ನಾವು ಕೇಳುವುದು. ಬಾಂಬು ತಿಂದವರ ಸಂಕಟದ ಪಕ್ಕ ಅದನ್ನು ಇಡುವುದು ನನಗೆ ಸರಿ ಕಾಣುವುದಿಲ್ಲ.

ದುಬೈಯಲ್ಲಿ ಅಂಗಡಿ ನಡೆಸಿ ಬಂದವನು ನಾನು. ಸೊಮಾಲಿಲ್ಯಾಂಡಿನ ಗಿರಾಕಿಗಳು ತುಂಬ ಬರುತ್ತಿದ್ದರು. ಮಾನ್ಯತೆ ಇಲ್ಲದಿದ್ದರೂ ವ್ಯಾಪಾರ ಚೆನ್ನಾಗಿಯೇ ಇತ್ತು. ಮತ್ತೆ ಮಾನ್ಯತೆ ಯಾಕೆ?
*– ವ್ಯಾಪಾರಿ, ಉಪ್ಪಳ*

ಸಣ್ಣ ವ್ಯಾಪಾರಕ್ಕೆ ಬೇಡ, ನಿಜ. ಹರ್ಗೇಸಾದ ರಸ್ತೆ ಬದಿಯಲ್ಲಿ ನೋಟು ಬದಲಿಸುವವರು ಶಿಲ್ಲಿಂಗಿನ ಕಟ್ಟುಗಳನ್ನು ಇಟ್ಟಿಗೆಯ ಹಾಗೆ ಪೇರಿಸಿ ಕೂರುತ್ತಾರೆ, ಕಾವಲಿಲ್ಲ. ಒಂದು ಡಾಲರಿಗೆ ಸಾವಿರಗಟ್ಟಲೆ ಶಿಲ್ಲಿಂಗ್, ಹೊತ್ತು ತಿರುಗುವುದು ಯಾರಿಂದಾಗುತ್ತದೆ? 2009ರಲ್ಲೇ ‘ಝಾದ್’ ಅನ್ನುವ ಮೊಬೈಲ್ ಹಣ ಶುರುವಾಯಿತು. ಗುಂಡಿ ಒತ್ತುವ ಹಳೇ ಫೋನಿನಲ್ಲೇ ನಡೆಯುತ್ತದೆ, ಇಂಟರ್ನೆಟ್ ಬೇಡ. ನಮ್ಮಲ್ಲಿ ಯುಪಿಐ ಬಂದದ್ದು 2016ಕ್ಕೆ. ಹೊರದೇಶದಲ್ಲಿ ದುಡಿಯುವವರು ಕಳಿಸುವ ದುಡ್ಡಿನಿಂದ ಎಷ್ಟೋ ಮನೆ ನಡೆಯುತ್ತದೆ, ಅದನ್ನು ಗಲ್ಫ್ ಕಂಡ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟು ಬೀಳುವುದು ದೊಡ್ಡ ಕೆಲಸಕ್ಕೆ. ಮಾನ್ಯತೆ ಇಲ್ಲದ ಸರಕಾರಕ್ಕೆ ವಿಶ್ವಬ್ಯಾಂಕ್ ನೇರ ಸಾಲ ಕೊಡುವುದಿಲ್ಲ. ರಸ್ತೆ, ನೀರು, ಆಸ್ಪತ್ರೆ ಎಲ್ಲ ಸುಂಕದ ದುಡ್ಡಿನಲ್ಲೇ ಆಗಬೇಕು. ಆ ಸುಂಕವಾದರೂ ಎಷ್ಟು ಭದ್ರ? ದನಕರುಗಳ ಜ್ವರದ ಹೆದರಿಕೆಯಿಂದ 2000ದಲ್ಲಿ ಸೌದಿ ಕುರಿ ಆಮದು ನಿಲ್ಲಿಸಿತು, ಮತ್ತೆ ಬಾಗಿಲು ತೆರೆದದ್ದು 2009ಕ್ಕೆ. 2016ರಲ್ಲಿ ನಿಮ್ಮ ದುಬೈಯ ಬಂದರು ಕಂಪನಿ ಡಿಪಿ ವರ್ಲ್ಡ್ ಬೆರ್ಬೆರಾ ಬಂದರಿಗೆ 44 ಕೋಟಿ ಡಾಲರ್ ಹೂಡುವ ಒಪ್ಪಂದ ಮಾಡಿತು, ಮೊಗಾದಿಶು ಅದಕ್ಕೂ ತಕರಾರು ತೆಗೆಯಿತು. ಅತ್ತ ಸೊಮಾಲಿಯಾಕ್ಕೆ ಮಾನ್ಯತೆ ಇದ್ದುದರಿಂದ 2023ರಲ್ಲಿ 450 ಕೋಟಿ ಡಾಲರ್ ಸಾಲ ಮನ್ನಾ ಸಿಕ್ಕಿತು.

ಯೂಟ್ಯೂಬಿನಲ್ಲಿ ಎಲ್ಲರೂ ಸೊಮಾಲಿಲ್ಯಾಂಡನ್ನು ಹೊಗಳುವವರೇ. ನಿಜವಾಗಿ ಅಷ್ಟು ಒಳ್ಳೆಯದಾ?
*– ಕಾಲೇಜು ವಿದ್ಯಾರ್ಥಿನಿ, ಕುಂಬಳೆ*

ಒಳ್ಳೆಯ ಪ್ರಶ್ನೆ ಮಗಳೇ. ಇಲ್ಲ. ಪೂರ್ವದ ಲಾಸ್ ಅನೋದ್ ಪಟ್ಟಣದವರಿಗೆ ಈ ಬೇರೆ ದೇಶ ಬೇಡ, ಅವರ ಕುಲ ಬೇರೆ, ಮೊಗಾದಿಶುವಿನ ಜೊತೆಗೇ ಇರುತ್ತೇವೆ ಅಂದರು. 2023ರಲ್ಲಿ ಹರ್ಗೇಸಾದ ಸೇನೆ ಆ ಊರಿನ ಮೇಲೆ ಶೆಲ್ ಹಾಕಿತು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆ ಆಗಸ್ಟಿನಲ್ಲಿ ಸೇನೆ ಸೋತು ಹಿಂದೆ ಸರಿಯಿತು. ‘ಒತ್ತಾಯದ ಮದುವೆ ಬೇಡ’ ಅಂತ ಲೋಕಕ್ಕೆಲ್ಲ ಹೇಳಿಕೊಂಡು ಬಂದವರು, ತಮ್ಮನ್ನು ಬಿಟ್ಟು ಹೋಗುತ್ತೇನೆ ಅಂದವರಿಗೆ ಗುಂಡು ಹೊಡೆದರು. ಇನ್ನು ಆ ಗೂರ್ತಿಗೆ ಇಷ್ಟು ವರ್ಷದಲ್ಲಿ ಚುನಾವಣೆಯೇ ಆಗಿಲ್ಲ, ಸದಸ್ಯ ಸತ್ತರೆ ಮನೆಯವರೇ ಬಂದು ಕೂರುವುದು. 2021ರಲ್ಲಿ 82 ಸ್ಥಾನದ ಕೆಳಮನೆಗೆ ಒಬ್ಬ ಹೆಂಗಸೂ ಗೆಲ್ಲಲಿಲ್ಲ. ಯೂಟ್ಯೂಬಿನವರು ಇದನ್ನೂ ಹೇಳಬೇಕಿತ್ತು.

ಕಡಲ್ಗಳ್ಳರು ಈ ಕಡೆಯವರಾ, ಆ ಕಡೆಯವರಾ?
*– ಹಡಗಿನ ನೌಕರರ ಮನೆಯವರು, ಪಾಲಕ್ಕುನ್ನು*

ಹೆಚ್ಚಿನವರು ಆ ಕಡೆ, ಸೊಮಾಲಿಯಾದ ಈಶಾನ್ಯ ಮೂಲೆಯ ಪುಂಟ್‌ಲ್ಯಾಂಡ್ ಮತ್ತು ಅದರ ದಕ್ಷಿಣದ ಕರಾವಳಿಯವರು. 2024ರ ಮಾರ್ಚಿನಲ್ಲಿ ನಮ್ಮ ನೌಕಾಪಡೆ ‘ರುಯೆನ್’ ಹಡಗು ಬಿಡಿಸಿ 35 ಕಳ್ಳರನ್ನು ಮುಂಬೈಗೆ ತಂದಿತ್ತು. ಹಾವಳಿ ಮೊದಲಿನಷ್ಟಿಲ್ಲ, ಪೂರ್ತಿ ನಿಂತೂ ಇಲ್ಲ.

ಅಲ್ಲಿಗೆ ಹೋದರೆ ನೋಡಲಿಕ್ಕೆ ಎಂತ ಉಂಟು?
*– ಓದುಗರು, ಮುಳ್ಳೇರಿಯ*

ಹರ್ಗೇಸಾದ ಹತ್ತಿರ ಲಾಸ್ ಗೀಲ್ ಅಂತ ಬಂಡೆಯ ಗವಿಗಳಿವೆ. ಸಾವಿರಾರು ವರ್ಷ ಹಳೆಯ ದನಗಳ ಚಿತ್ರ, ಬಣ್ಣ ಇನ್ನೂ ಮಾಸಿಲ್ಲ. ಹಿಣಿಲಿಲ್ಲದ ದನ, ಕೊರಳಿಗೆ ಅಲಂಕಾರ ಬೇರೆ. ಹೊರಲೋಕಕ್ಕೆ ಗೊತ್ತಾದದ್ದು 2002ರಲ್ಲಿ, ಫ್ರೆಂಚ್ ತಂಡವೊಂದು ಹೋದ ಮೇಲೆ. ಯುನೆಸ್ಕೊ ಪಟ್ಟಿಗೆ ಸೇರಿಸಲು ಅರ್ಜಿ ಹಾಕಬೇಕಾದದ್ದು ಮಾನ್ಯತೆ ಇರುವ ದೇಶದ ಸರಕಾರ. ಗವಿ ಇವರ ಕೈಯಲ್ಲಿ, ಅರ್ಜಿ ಹಾಕುವ ಹಕ್ಕು ಮೊಗಾದಿಶುವಿನ ಕೈಯಲ್ಲಿ. ಹೋಗುವುದಾದರೆ ಮೊದಲು ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ಓದಿಕೊಳ್ಳಿ.